ಮರೆವಿನ ಕಾಯಿಲೆ ಬಂದ ಮನೆಯಲ್ಲಿ ನಗೆಯನ್ನು ಬಳಸುವ ಬಗೆ

ಡಿಮೆನ್ಷಿಯಾ ಬಂದ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ‘ನಗುನಗುತ್ತ ಇರಿ, ಎಲ್ಲ ಹಗುರವಾಗುತ್ತದೆ’ ಎಂಬ ಬುದ್ಧಿಮಾತು ಪುಕ್ಕಟೆಯಾಗಿ ಸಿಗುತ್ತದೆ. ಯಾವಾಗ ನಗಬೇಕು, ಯಾರ ಮೇಲೆ ನಗಬೇಕು, ನಡುರಾತ್ರಿ ಅಂಗಳಕ್ಕಿಳಿದು ಬೇಲಿಯ ದಾರಿಗೆ ಅಡ್ಡ ಇಟ್ಟ ಉಣುಗೋಲು ಸರಿಸುತ್ತಿರುವ ತಂದೆಯ ಮುಂದೆ ನಗುವನ್ನು ಎಲ್ಲಿಂದ ತರಬೇಕು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಮಕ್ಕಳು ಬೆಂಗಳೂರು, ಪುಣೆ ಸೇರಿ, ತೋಟದ ಮನೆಯಲ್ಲಿ ಒಬ್ಬ ಮಗನೋ ಸೊಸೆಯೋ ಉಳಿದುಕೊಂಡಿರುವ ನಮ್ಮ ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಆ ಭಾರವೆಲ್ಲ ಒಂದಿಬ್ಬರ ಹೆಗಲಿಗೇ ಬೀಳುತ್ತದೆ. ಈ ಬರಹ ಅಂಥವರಿಗಾಗಿ.

ಇಲ್ಲಿ ಹಾಸ್ಯವೆಂದರೆ ನಗೆಹನಿ ಹೇಳುವುದಲ್ಲ. ಕಾಯಿಲೆಯವರು ಆಡಿದ ಮಾತನ್ನು ತಿದ್ದದೆ ಎತ್ತಿಕೊಂಡು, ಅವರಿಗೂ ನಮಗೂ ಅವಮಾನವಾಗದ ಕಡೆಗೆ ಅದನ್ನು ಹೊರಳಿಸುವುದೇ ನಾನು ಹೇಳಹೊರಟಿರುವ ಹಾಸ್ಯ. ಇದನ್ನು ಕಲಿಯಬಹುದು, ಹುಟ್ಟಾ ವಿನೋದಿಯಾಗಿರಬೇಕೆಂದಿಲ್ಲ.

ಅದಕ್ಕೂ ಮೊದಲು ಆಗಬೇಕಾದ ಕೆಲಸ ವೈದ್ಯರ ತಪಾಸಣೆ. ವಯಸ್ಸಾದ ಮೇಲೆ ಅರಳುಮರಳು ಸಹಜವೆಂದು ಮನೆಮಂದಿಯೆಲ್ಲ ನಕ್ಕು ಬಿಟ್ಟುಬಿಟ್ಟ ಮರೆವಿನ ಹಿಂದೆ ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ ಮೊದಲಾದ ಚಿಕಿತ್ಸೆಗೆ ಬಗ್ಗುವ ಕಾರಣಗಳು ಇರಬಹುದು. ಘಟ್ಟದ ಮೇಲಿನವರು ಹುಬ್ಬಳ್ಳಿ, ಧಾರವಾಡಕ್ಕೂ ಕರಾವಳಿಯವರು ಕಾರವಾರ, ಮಣಿಪಾಲ, ಮಂಗಳೂರಿಗೂ ಹೋಗಿ ತೋರಿಸಿಕೊಂಡು ಬರುವುದು ರೂಢಿ. ಕಾಯಿಲೆ ಯಾವ ಬಗೆಯದೆಂದು ತಿಳಿದರೆ ನಗೆ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದೂ ಅರ್ಧ ತಿಳಿದಂತೆಯೇ.

ಏನು ಹೋಗುತ್ತದೆ, ಏನು ಉಳಿಯುತ್ತದೆ

ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆ ಆಲ್ಝೈಮರ್ ಕಾಯಿಲೆ. ಅದರಲ್ಲಿ ಹೊಸ ನೆನಪುಗಳನ್ನು ಕೂಡಿಡುವ ಮಿದುಳಿನ ಭಾಗ ಮೊದಲು ಸೊರಗುತ್ತದೆ. ಬೆಳಿಗ್ಗೆ ತಿಂದ ದೋಸೆ ನೆನಪಿರುವುದಿಲ್ಲ, ಐವತ್ತು ವರ್ಷದ ಹಿಂದೆ ಮಾರಿಕಾಂಬೆ ಜಾತ್ರೆಯಲ್ಲಿ ಕೊಂಡ ಬಳೆಯ ಬಣ್ಣ ನೆನಪಿರುತ್ತದೆ. ಹೀಗಾಗಿ ಆರಂಭದ ಸಂಗತಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೊನೆಯ ತಿರುವಿಗೆ ಹೊಂದಿಸಬೇಕಾದ ಉದ್ದದ ನಗೆಕಥೆಗಳು ಬೇಗನೆ ನಿರರ್ಥಕವಾಗುತ್ತವೆ. ಒಂದು ಹೇಳಿ ಇನ್ನೊಂದನ್ನು ಸೂಚಿಸುವ ವ್ಯಂಗ್ಯವೂ ತಲುಪುವುದಿಲ್ಲ. ‘ಆಹಾ, ಎಷ್ಟು ಚೆನ್ನಾಗಿ ಚೆಲ್ಲಿದಿರಿ’ ಎಂದರೆ ಹೊಗಳಿದ್ದೆಂದು ತಿಳಿದು ಮತ್ತೆ ಚೆಲ್ಲಬಹುದು, ಇಲ್ಲವೇ ಮಾತಿನ ಹಿಂದಿನ ಸಿಡುಕು ಮಾತ್ರ ತಗಲಿ ಮುಖ ಬಾಡಬಹುದು. ಉಳಿಯುವುದು ಬೇರೆ: ಮುಖದ ಆಟ, ಅಣಕು, ಪ್ರಾಸ, ಬಾಲ್ಯದ ಚೇಷ್ಟೆಯ ಕಥೆ, ಯಾರೋ ಕೈಜಾರಿ ಪಾತ್ರೆ ಬೀಳಿಸಿದಾಗ ಉಕ್ಕುವ ನಗು.

ಎಲ್ಲಕ್ಕಿಂತ ಮುಖ್ಯವಾಗಿ, ಘಟನೆ ಮರೆತುಹೋದರೂ ಅದು ಬಿಟ್ಟುಹೋದ ಭಾವ ಉಳಿಯುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಝೈಮರ್ ಇರುವವರಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿ ನೋಡಿದಾಗ, ತುಣುಕಿನಲ್ಲಿ ಏನಿತ್ತೆಂಬುದು ಹೆಚ್ಚುಕಡಿಮೆ ಅಳಿಸಿಹೋದ ಮೇಲೂ ಅದು ಹುಟ್ಟಿಸಿದ ದುಃಖ, ಸಂತೋಷಗಳು ಮುಂದುವರಿದದ್ದು ಕಂಡುಬಂದಿತು. ಆ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ‘ಹೇಗೂ ಮರೆತುಬಿಡುತ್ತಾರೆ’ ಎಂದು ಗದರುವವರು ಇದನ್ನು ಎರಡು ಸಲ ಓದಬೇಕು. ಗದರಿದ ಕಾರಣ ಮರೆತುಹೋಗುತ್ತದೆ, ಗದರಿಸಿಕೊಂಡ ಸಂಕಟ ಕಾರಣವಿಲ್ಲದೆ ಸಂಜೆಯತನಕ ಕೂತಿರುತ್ತದೆ. ನಗುವಿನ ಮಟ್ಟಿಗೂ ಲೆಕ್ಕ ಅದೇ.

ಹಾಗೆಂದು ಹಾಸ್ಯವನ್ನು ಔಷಧಿಯ ಜಾಗದಲ್ಲಿ ಇಡಬಾರದು. ಸಿಡ್ನಿಯ 35 ವೃದ್ಧಾಲಯಗಳಲ್ಲಿ ಹಾಸ್ಯ ಕಲಾವಿದರನ್ನೂ ತರಬೇತಾದ ಸಿಬ್ಬಂದಿಯನ್ನೂ ಬಳಸಿ ನಡೆಸಿ 2013ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ ನಿವಾಸಿಗಳ ಚಡಪಡಿಕೆ ಕಡಿಮೆಯಾಯಿತು, ಖಿನ್ನತೆಯಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿಯೂ ನಿರೀಕ್ಷೆ ಅಷ್ಟೇ ಇರಲಿ.

ಅವರ ನಗು ಯಾವುದೆಂದು ಹುಡುಕುವುದು

ಕಾಯಿಲೆ ಇನ್ನೂ ಮೊದಲ ಹಂತದಲ್ಲಿರುವಾಗಲೇ ಒಂದು ಪುಸ್ತಕ ಹಿಡಿದು ಕುಳಿತು, ಈ ವ್ಯಕ್ತಿ ಬದುಕಿನುದ್ದಕ್ಕೂ ಯಾವುದಕ್ಕೆ ನಕ್ಕರು ಎಂದು ಬರೆದಿಡಬೇಕು. ನಿಮಗೆ ತಿಳಿಯದಿದ್ದರೆ ಅವರ ತಂಗಿಯನ್ನು, ಜೊತೆಗೆ ಕೆಲಸ ಮಾಡಿದವರನ್ನು, ಅಡಿಕೆ ಸುಲಿಯಲು ವರ್ಷಾನುಗಟ್ಟಲೆ ಬಂದವರನ್ನು ಕೇಳಿ. ಸುಲಿಯುವಾಗ ಆಡುವ ಮಾತಿನಷ್ಟು ನಿಜವಾದ ಹಾಸ್ಯ ಘಟ್ಟದ ಮೇಲೆ ಬೇರೆಲ್ಲೂ ಇಲ್ಲ. ಯಾರು ಯಾರನ್ನು ಹೇಗೆ ಛೇಡಿಸುತ್ತಿದ್ದರು ಎಂಬುದು ಅವರಿಗೆ ಗೊತ್ತಿರುತ್ತದೆ. ಅಂಕೋಲೆಯ ಅಜ್ಜಿಯಾದರೆ ಹೋಳಿಯ ಹೊತ್ತಿನ ಸುಗ್ಗಿಯಲ್ಲಿ ಊರಿನವರನ್ನು ಅಣಕಿಸುವ, ಹಗರಣವೆಂದು ಕರೆಯುವ ವೇಷದಾಟಗಳು ನೆನಪಿದ್ದಾವು. ಶಾಲೆಯ ಮಾಸ್ತರರಾಗಿದ್ದವರಿಗೆ ಹುಡುಗರು ಬರೆದ ತಪ್ಪು ಉತ್ತರಗಳೇ ಭಂಡಾರ. ರಾತ್ರಿಯಿಡೀ ಯಕ್ಷಗಾನದ ಆಟ ನೋಡುತ್ತಿದ್ದವರಿಗೆ ಯಾವ ಹಾಸ್ಯಗಾರ ಎಲ್ಲಿ ಏನು ಹೇಳಿದನೆಂಬುದು ಬಾಯಿಗೆ ಬಂದಿರುತ್ತದೆ. ಮೊದಲ ಅರ್ಧ ನೀವು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಮುಗಿಸಿ ನಗುತ್ತಾರೆ. ಹಾಗೆ ಮುಗಿಸಲು ಸಾಧ್ಯವಾದದ್ದೇ ಅವರಿಗೆ ಆ ದಿನದ ಗೆಲುವು.

ಕೆಲವರು ಮೊದಲಿನಿಂದಲೂ ನಗದವರು. ಮನೆಯಲ್ಲಿ ಗಂಭೀರವಾಗಿಯೇ ಬದುಕಿದ ಹಿರಿಯರನ್ನು ಕಾಯಿಲೆ ಬಂತೆಂದು ಮಗುವಿನಂತೆ ಗದ್ದ ಹಿಡಿದು ನಗಿಸಹೊರಡುವುದು ಅಸಭ್ಯವೆಂದೇ ನನ್ನ ಅಭಿಪ್ರಾಯ. ಅಂಥವರ ಮುಂದೆ ನಿಮ್ಮ ಪೇಚಾಟವನ್ನು ನೀವೇ ಹೇಳಿಕೊಂಡರೆ ತುಟಿಯಂಚಿನ ನಗು ಬಂದೀತು. ಅಷ್ಟಕ್ಕೆ ನಿಲ್ಲಿಸುವುದು ಲೇಸು.

ಮಾತನ್ನು ಎತ್ತಿಕೊಳ್ಳುವ ಕ್ರಮ

ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಆಟದಲ್ಲಿ ಹಾಸ್ಯಗಾರ ದೂತನಾಗಿಯೋ ಚಾರಕನಾಗಿಯೋ ಬಂದಾಗ ರಾಜನ ಮಾತನ್ನು ಸುಳ್ಳೆಂದು ಹೇಳುವುದಿಲ್ಲ. ರಾಜ ಹೇಳಿದ್ದನ್ನೇ ಹಿಡಿದುಕೊಂಡು, ಅದರ ಬಾಲಕ್ಕೊಂದು ಮಾತು ಕಟ್ಟಿ, ಪ್ರಸಂಗವನ್ನು ಮುಂದಕ್ಕೆ ತಳ್ಳುತ್ತಾನೆ. ರಾಜನ ಕಿರೀಟ ಜಾರುವುದಿಲ್ಲ, ಆಟವೂ ನಿಲ್ಲುವುದಿಲ್ಲ. ನೋಡಿಕೊಳ್ಳುವವರು ಕಲಿಯಬೇಕಾದದ್ದು ಈ ಪಾತ್ರವನ್ನು.

ಶಿರಸಿ ಕಡೆಯ ಒಂದು ಮನೆಯ ಸಂಜೆಯನ್ನು ತೆಗೆದುಕೊಳ್ಳಿ. ಹೊತ್ತು ಮುಳುಗುತ್ತಿದ್ದಂತೆ ಯಜಮಾನರಿಗೆ ಕಾತರ ಶುರುವಾಗುತ್ತದೆ. ತಾವು ಕಟ್ಟಿಸಿದ ಮನೆಯಲ್ಲೇ ಕುಳಿತು ಮನೆಗೆ ಹೋಗಬೇಕೆನ್ನುತ್ತಾರೆ. ಸಂಜೆಯ ಈ ತಳಮಳ ಡಿಮೆನ್ಷಿಯಾದಲ್ಲಿ ತೀರ ಸಾಮಾನ್ಯ. ‘ಮನೆಗೆ ಹೋಪಲಾತು, ಬಸ್ಸು ತಪ್ತು’ ಎಂದು ಅವರು ಎದ್ದು ನಿಂತರೆ, ‘ಇದೇ ನಿಮ್ಮ ಮನೆಯಲ್ಲವೇ’ ಎಂದು ಗೋಡೆ, ಕಂಬ ತೋರಿಸಿ ವಾದಿಸಿದಷ್ಟೂ ಅವರ ದನಿ ಏರುತ್ತದೆ. ಆ ಮನೆಯ ಮಗ ವಾದಿಸುವುದಿಲ್ಲ. ತಾನೂ ಹೆಗಲಿಗೊಂದು ಟವೆಲು ಹಾಕಿಕೊಂಡು, ‘ಹೋಪನ ಅಪ್ಪಯ್ಯ, ಕವಳ ಹಾಕ್ಯಂಡು ಹೋಪನ. ಬಾಯಲ್ಲಿ ಕವಳ ಇಲ್ದೇ ಇದ್ರೆ ಕಂಡಕ್ಟ್ರು ಬಸ್ಸು ಹತ್ಸ್ತ್ನಿಲ್ಲೆ’ ಎನ್ನುತ್ತಾನೆ. ತಂದೆ ಕೂರುತ್ತಾರೆ. ಕವಳದ, ಅಂದರೆ ಎಲೆಯಡಿಕೆಯ, ಬಟ್ಟಲು ಮುಂದೆ ಬರುತ್ತದೆ. ಎಲೆಯ ತೊಟ್ಟು ಮುರಿದು, ಬೆನ್ನು ಒರೆಸಿ, ನಾರು ತೆಗೆಯುವ ಕೆಲಸ ಅವರ ಬೆರಳುಗಳಿಗೆ ಇನ್ನೂ ಮರೆತಿಲ್ಲ. ಒಂದೆಲೆ ಮುಗಿಸುವಷ್ಟರಲ್ಲಿ ಉಸಿರು ಸಮವಾಗಿರುತ್ತದೆ. ‘ಅಂವ ಯಮ್ಮನೆ ಕವಳಕ್ಕೇ ಕಾಯ್ತಾ ಇರ್ತ’ ಎಂದು ಕಂಡಕ್ಟರನ ಮೇಲೆ ಅವರೇ ನಗೆಯಾಡುತ್ತಾರೆ, ಅಲ್ಲಿಂದ ಮಾತು ಹಳೆಯ ಬಸ್ಸುಗಳ ಕಡೆಗೆ ಹೋಗುತ್ತದೆ, ಅಷ್ಟರಲ್ಲಿ ದೇವರ ದೀಪ ಹಚ್ಚುವ ಹೊತ್ತಾಗುತ್ತದೆ. (ಅಡಿಕೆ ಅಗಿಯುವುದು ಬಾಯಿಗೆ ಒಳ್ಳೆಯದಲ್ಲವೆಂಬುದನ್ನು ಶಿರಸಿಯಲ್ಲಿ ಹೇಳುವಾಗ ಅಕ್ಕಪಕ್ಕ ನೋಡಿಕೊಂಡೇ ಹೇಳಬೇಕು, ಆ ಮನೆಯಲ್ಲಿ ಎಲೆಗೆ ಏಲಕ್ಕಿ ಪುಡಿಯನ್ನಷ್ಟೇ ಹಾಕಿ ಕೊಡುತ್ತಾರೆ. ಕಾಯಿಲೆ ಮುಂದುವರಿದು ನುಂಗುವುದೇ ಕಷ್ಟವಾದಾಗ ಅದನ್ನೂ ಬಿಡಬೇಕಾಗುತ್ತದೆ.)

ಈ ಸಂಜೆಯಲ್ಲಿ ಗಮನಿಸಬೇಕಾದದ್ದು ಅನುಕ್ರಮ. ಮೊದಲು ಒಪ್ಪಿಗೆ, ಆಮೇಲೆ ನಗೆಯ ಒಂದು ಎಳೆ, ಕೂಡಲೇ ಕೈಗೆ ಒಂದು ಕೆಲಸ. ಒಪ್ಪಿಗೆಯಿಲ್ಲದೆ ನಗೆಯಾಡಿದರೆ ಅದು ಅಪಹಾಸ್ಯದಂತೆ ಕೇಳಿಸುತ್ತದೆ, ಕೈಗೆ ಕೆಲಸ ಕೊಡದಿದ್ದರೆ ಐದು ನಿಮಿಷದಲ್ಲಿ ಬಸ್ಸು ಮತ್ತೆ ಬರುತ್ತದೆ.

ಇದು ಸುಳ್ಳು ಹೇಳಿದಂತಲ್ಲವೇ ಎಂಬ ಅಳುಕು ಹಲವರಿಗೆ ಇರುತ್ತದೆ, ಇರಬೇಕಾದದ್ದೇ. ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ: ಅವರು ನಿಂತ ಜಾಗಕ್ಕೆ ಹೋಗಿ ಜೊತೆಗೆ ನಿಲ್ಲಬಹುದು, ಅಲ್ಲಿ ಹೊಸ ಕಟ್ಟಡ ಕಟ್ಟಬಾರದು. ತೀರಿಹೋದ ಗಂಡ ಎಲ್ಲಿ ಎಂದು ಅತ್ತೆ ಕೇಳಿದಾಗ ‘ನಾಳೆ ಬೆಳಿಗ್ಗೆ ಬರುತ್ತಾರೆ’ ಎಂದರೆ, ಮರೆಯಬೇಕಾದದ್ದನ್ನು ಮರೆಯದೆ ಅವರು ಬಾಗಿಲಲ್ಲಿ ಕಾದು ಕೂರಬಹುದು. ‘ಅವರು ಸತ್ತು ಹತ್ತು ವರ್ಷವಾಯಿತು’ ಎಂದರೆ ಹೊಸದಾಗಿ ಸೂತಕ. ಅಲ್ಲಿ ಹಾಸ್ಯವನ್ನು ಮುಂದಿಡದೆ, ‘ಮಾವನ ನೆನಪಾಯಿತೇ? ಮದುವೆಯ ಹೊತ್ತಿನಲ್ಲಿ ಹೇಗಿದ್ದರು?’ ಎಂದು ಕೇಳಿ. ದಿಬ್ಬಣ ಹೊಳೆ ದಾಟುವಾಗ ಮದುಮಗನ ಪೇಟ ನೀರಿಗೆ ಬಿದ್ದ ಕಥೆಯಂಥದ್ದೇನಾದರೂ ಇದ್ದರೆ ನಗು ತಾನಾಗಿ ಬರುತ್ತದೆ. ಬರದಿದ್ದರೆ ಅಳು ಬರಲಿ. ಅದಕ್ಕೂ ಜಾಗ ಬೇಕು.

ಕೇಳಿದ್ದನ್ನೇ ಕೇಳುವ ಪ್ರಶ್ನೆಗಳ ವಿಷಯದಲ್ಲಿ ಹಾಸ್ಯ ಮುಖ್ಯವಾಗಿ ಉತ್ತರ ಕೊಡುವವರ ತಾಳ್ಮೆಗೆ ಬೇಕು. ಕಾರವಾರದಲ್ಲಿ ಕಾಳಿ ನದಿಗೆ ಸೇತುವೆಯಿಲ್ಲದ ಕಾಲದಲ್ಲಿ ಕೋಡಿಬಾಗದಿಂದ ಸದಾಶಿವಗಡಕ್ಕೆ ನೀರಿನ ಮೇಲೆಯೇ ದಾಟಬೇಕಿತ್ತು. ಆ ಕಾಲದಲ್ಲಿ ಓಡಾಡಿದ ಹಿರಿಯರೊಬ್ಬರು ಲಾಂಚ್ ಎಷ್ಟು ಹೊತ್ತಿಗೆ ಎಂದು ಗಂಟೆಗೆ ಹತ್ತು ಸಲ ಕೇಳಿದರೆ, ಸೇತುವೆಯ ಚರಿತ್ರೆ ಹೇಳಹೊರಡುವುದು ವ್ಯರ್ಥ. ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದು ಬಿದ್ದ ಮೇಲಂತೂ ಸೇತುವೆಯನ್ನು ನಂಬಿದವರಿಗಿಂತ ಲಾಂಚನ್ನು ನಂಬಿದವರೇ ಜಾಣರೆಂದು ಅವರು ಹೇಳಿದರೆ ಎದುರಾಡುವುದು ಕಷ್ಟ. ‘ನೀರು ಏರಲಿ, ಹೊರಡುವ’, ‘ಲಾಂಚಿನವನು ಚಹಾ ಕುಡಿಯುತ್ತಿದ್ದಾನೆ, ನಾವೂ ಕುಡಿಯುವ’, ‘ಇವತ್ತು ಮೀನಿನ ಬುಟ್ಟಿಗಳೇ ತುಂಬಿವೆ, ನಮಗೆ ಜಾಗವಿಲ್ಲ’ ಎಂದು ಪ್ರತಿ ಸಲವೂ ಉತ್ತರವನ್ನು ಸ್ವಲ್ಪ ಬದಲಿಸಿ ನೋಡಿ. ಅವರಿಗೆ ಪ್ರತಿಯೊಂದೂ ಹೊಸದು, ನಿಮಗೆ ಒಂದು ಆಟ. ಯಾವ ಉತ್ತರಕ್ಕೆ ಅವರು ಹೆಚ್ಚು ಹೊತ್ತು ಸಮಾಧಾನದಿಂದಿದ್ದರು ಎಂಬುದನ್ನು ನೆನಪಿಟ್ಟುಕೊಂಡು ಅದನ್ನೇ ಮನೆಯ ಉಳಿದವರಿಗೂ ಕಲಿಸಿ.

ಕಳ್ಳತನದ ಆರೋಪ ಬಂದಾಗ ಮಾತ್ರ ನಗೆಗೆ ಆತುರ ಬೇಡ. ಬಂಗಾರದ ಬಳೆಯನ್ನು ತಾವೇ ಎಲ್ಲೋ ಇಟ್ಟು ಮರೆತು ಸೊಸೆಯೇ ಕದ್ದಳೆಂದು ಅತ್ತೆ ನಿಂತು ಹೇಳುವಾಗ, ಆರೋಪ ಹೊತ್ತವರ ಮುಖದ ನಗು ಕಳ್ಳನಗುವಿನಂತೆಯೇ ಕಾಣುತ್ತದೆ. ‘ಬಳೆ ಕಾಣದಿದ್ದರೆ ಯಾರಿಗಾದರೂ ಗಾಬರಿಯೇ, ಹುಡುಕುವ ಬನ್ನಿ ಅತ್ತೆ’ ಎಂದು ಅವರ ಜೊತೆಗೇ ಹುಡುಕಿ. ಸಿಕ್ಕರೂ ಅವರ ಕೈಗೇ ಸಿಗುವಂತೆ ನೋಡಿಕೊಳ್ಳಿ. ಅದು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿದ ಮೇಲೆ ನಗೆಯಾಡುವುದಾದರೆ ಅಕ್ಕಿಯ ಮೇಲೆ ಆಡಿ: ‘ನಮ್ಮನೆ ಕುಚ್ಚಲಕ್ಕಿಗೂ ಬಂಗಾರದ ಆಸೆ ಬಂತು ನೋಡಿ.’ ‘ಈಗಲಾದರೂ ನಂಬಿದಿರಾ’ ಎಂಬ ಮಾತು ಎಷ್ಟು ನ್ಯಾಯವಾದದ್ದಾದರೂ ನುಂಗಿಕೊಳ್ಳಬೇಕು.

ಸ್ನಾನ, ಬಟ್ಟೆ, ಶೌಚದ ವಿಷಯದಲ್ಲಿ ಅವರ ದೇಹದ ಮೇಲೆ ಯಾವ ತಮಾಷೆಯೂ ಸಲ್ಲದು. ನೀರನ್ನು ಮೊದಲು ನಿಮ್ಮ ಕಾಲಿನ ಮೇಲೆಯೇ ಚೆಲ್ಲಿಕೊಂಡು ‘ಅಯ್ಯೋ, ಸ್ನಾನ ನಿಮಗೋ ನನಗೋ’ ಎಂದರೆ ಬಚ್ಚಲಿನ ಬಾಗಿಲಲ್ಲಿ ಹಟ ಹಿಡಿದು ನಿಂತವರು ಒಳಗೆ ಒಂದು ಹೆಜ್ಜೆ ಇಟ್ಟಾರು. ಅಂಗಿಯನ್ನು ತಿರುವುಮುರುವು ಹಾಕಿಕೊಂಡಿದ್ದರೆ, ಹೊರಗೆ ಹೋಗುವ ಕೆಲಸವಿಲ್ಲದಿದ್ದರೆ, ಹಾಗೆಯೇ ಬಿಟ್ಟರೂ ಲೋಕ ಮುಳುಗುವುದಿಲ್ಲ.

‘ನೀನು ಯಾರ ಮಗ?’ ಎಂದು ಹೆತ್ತ ತಾಯಿಯೇ ಕೇಳುವ ದಿನಕ್ಕೆ ಯಾವ ಸಿದ್ಧತೆಯೂ ಸಾಲದು. ಆದರೂ ಒಂದು ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ‘ನಿಮ್ಮ ಕೈಯೂಟ ತಿಂದು ಬೆಳೆದವನು, ಇವತ್ತೂ ಊಟಕ್ಕೇ ಬಂದೆ’ ಎಂದರೆ ಸುಳ್ಳೂ ಅಲ್ಲ, ಪರೀಕ್ಷೆಯೂ ಅಲ್ಲ. ‘ಬಾ, ಕೂರು, ಊಟ ಮಾಡು’ ಎಂಬ ಉಪಚಾರ ಅನೇಕ ತಾಯಂದಿರಲ್ಲಿ ಹೆಸರುಗಳೆಲ್ಲ ಹೋದ ಮೇಲೂ ಉಳಿದಿರುತ್ತದೆ.

ಎಲ್ಲಿ ನಗಬಾರದು

ನಿನ್ನೆಯವರೆಗೆ ಇದ್ದದ್ದಕ್ಕಿಂತ ಇವತ್ತು ಒಮ್ಮೆಲೇ ತೀರ ಗೊಂದಲಗೊಂಡು ಅಸಂಬದ್ಧ ಮಾತಾಡತೊಡಗಿದರೆ, ಮಾತು ಎಷ್ಟೇ ವಿನೋದವಾಗಿದ್ದರೂ ಅದು ಹಾಸ್ಯದ ಪ್ರಸಂಗವಲ್ಲ. ಮೂತ್ರನಾಳದ ಸೋಂಕು, ನಿರ್ಜಲೀಕರಣ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸ ಮಾತ್ರೆ, ಬಿದ್ದು ತಲೆಗೆ ಪೆಟ್ಟಾದದ್ದು ಇಂಥ ಕಾರಣಗಳಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಬಾಯಾರಿಕೆಯನ್ನು ಹೇಳಲಾಗದವರ ಮೈಯ ನೀರು ಆರುವುದು ಬಹಳ ಬೇಗ.

ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಿ ಇಲ್ಲದ ಮಕ್ಕಳು, ಪ್ರಾಣಿಗಳು ಹಲವರಿಗೆ ಸ್ಪಷ್ಟವಾಗಿ ಕಣ್ಣಿಗೆ ಕಾಣುತ್ತವೆ. ಮೂಲೆಯಲ್ಲಿ ಕಂಡ ಬೆಕ್ಕಿನ ಬಗ್ಗೆ ಅವರೇ ಹಗುರವಾಗಿ ಮಾತಾಡುತ್ತಿದ್ದರೆ ನೀವೂ ಆಡಬಹುದು, ಹೆದರಿದ್ದರೆ ದೀಪ ಹಾಕಿ, ಕೈ ಹಿಡಿದು, ಜಾಗ ಬದಲಿಸಬೇಕು. ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳನ್ನು ಕಾಡುವ ಬಗೆಯಲ್ಲಿ ಹಾಸ್ಯಪ್ರಜ್ಞೆಯೇ ಬದಲಾಗಬಹುದು: ಮರ್ಯಾದಸ್ಥರೆನಿಸಿಕೊಂಡವರು ಒರಟು ಜೋಕು ಹೇಳಬಹುದು, ಸಾವಿನ ಮನೆಯಲ್ಲಿ ನಗಬಹುದು. ಅದು ಸ್ವಭಾವವಲ್ಲ, ಕಾಯಿಲೆ. ಇಂಥ ಬದಲಾವಣೆ ಮರೆವಿಗಿಂತ ಮೊದಲೇ ಕಾಣಿಸಿಕೊಳ್ಳುವುದೂ ಉಂಟಾದ್ದರಿಂದ ವೈದ್ಯರಿಗೆ ತಪ್ಪದೆ ಹೇಳಿ. ಪಾರ್ಶ್ವವಾಯುವಿನ ನಂತರ ತಡೆಯಿಲ್ಲದೆ ಉಕ್ಕುವ ನಗುವೂ ಅಳುವೂ ಸಂತೋಷದ್ದಾಗಲಿ ದುಃಖದ್ದಾಗಲಿ ಆಗಿರಬೇಕೆಂದಿಲ್ಲ. ಅದಕ್ಕೂ ಚಿಕಿತ್ಸೆಯಿದೆ.

ಕಿವಿ ಮಂದವಾದವರಿರುವ ಮನೆಯಲ್ಲಿ ಪಕ್ಕದ ಕೋಣೆಯ ನಗೆ ತಮ್ಮ ಮೇಲಿನದೇ ಎಂದು ಕೇಳಿಸುತ್ತದೆ. ನಗುವುದಾದರೆ ಅವರೆದುರು, ಅವರನ್ನು ಸೇರಿಸಿಕೊಂಡು. ಕಾರಣ ಕೇಳಿದರೆ ಹೇಳಲು ಬರುವಂಥ ನಗೆಯಾಗಿರಬೇಕು. ಕನ್ನಡಕ, ಕಿವಿಯ ಯಂತ್ರ ಸರಿಯಿದೆಯೇ ಎಂದು ಬೆಳಿಗ್ಗೆಯೇ ನೋಡಿಕೊಳ್ಳಿ.

ಇನ್ನು ನೆಂಟರು. ಬಂದವರು ಚಪ್ಪಲಿ ಬಿಡುವ ಮೊದಲೇ ‘ನಾನು ಯಾರು ಹೇಳಿ ನೋಡುವ’ ಎಂದು ಪರೀಕ್ಷೆ ಶುರುಮಾಡುವುದು ನಮ್ಮ ಕಡೆಯ ದೊಡ್ಡ ಪಿಡುಗು. ತಪ್ಪಿದರೆ ಎಲ್ಲರೂ ನಗುತ್ತಾರೆ, ಅಜ್ಜಿಯೂ ಮರ್ಯಾದೆ ಉಳಿಸಿಕೊಳ್ಳಲು ನಗುತ್ತಾರೆ. ಆ ನಗುವನ್ನು ಯಾರೂ ಆನಂದವೆಂದು ತಿಳಿಯಬಾರದು. ಅಂಗಳದಲ್ಲೇ ನೆಂಟರನ್ನು ತಡೆದು, ‘ಒಳಗೆ ಹೋದ ಕೂಡಲೇ ನಿಮ್ಮ ಹೆಸರು, ಊರು ನೀವೇ ಹೇಳಿ’ ಎಂದು ತಿಳಿಸುವುದು ನಿಷ್ಠುರವಾದರೂ ಸರಿ. ಅಜ್ಜಿಯ ತಪ್ಪು ಮಾತುಗಳನ್ನು ಚಿತ್ರೀಕರಿಸಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಮೊಮ್ಮಕ್ಕಳಿಗೆ ಇದಕ್ಕಿಂತ ಸ್ವಲ್ಪ ಜೋರಾಗಿಯೇ ಹೇಳಬಹುದು.

ನೋಡಿಕೊಳ್ಳುವವರ ನಗೆ

ನೋಡಿಕೊಳ್ಳುವವರಿಗೆ ಇನ್ನೊಂದು ಹಾಸ್ಯ ಬೇಕಾಗುತ್ತದೆ. ಅದು ಕಪ್ಪಾಗಿರುತ್ತದೆ, ಹೊರಗಿನವರಿಗೆ ಕ್ರೂರವೆನಿಸುತ್ತದೆ. ಹಿತ್ತಿಲಿನಲ್ಲಿ ನಿಂತು ತಂಗಿಗೆ ಫೋನು ಮಾಡಿ, ‘ಆಯಿ ಇವತ್ತು ನನ್ನನ್ನು ಕೆಲಸದಿಂದ ತೆಗೆದುಹಾಕಿದಳು, ಸಂಬಳವನ್ನೂ ಕೊಡಲಿಲ್ಲ’ ಎಂದು ಹೇಳಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರೆ ಅದರಲ್ಲಿ ಪಾಪವಿಲ್ಲ. ಷರತ್ತು ಎರಡು. ಕಾಯಿಲೆಯವರ ಕಿವಿಗೆ ಅದು ಬೀಳಬಾರದು. ಆ ಭಾರ ಹೊತ್ತವರಷ್ಟೇ ಆ ನಗೆಯಲ್ಲಿ ಪಾಲುದಾರರಾಗಬೇಕು. ವರ್ಷಕ್ಕೊಮ್ಮೆ ಚೌತಿಗೆ ಬಂದು ಹೋಗುವ ಅಣ್ಣನಿಗೆ ತಮಾಷೆ ಮಾಡುವ ಹಕ್ಕು ಬೇಕಿದ್ದರೆ, ಒಂದು ವಾರ ರಾತ್ರಿಪಾಳಿ ಮಾಡಿ ಅದನ್ನು ಗಳಿಸಿಕೊಳ್ಳಲಿ.

ಕಾಯಿಲೆಯವರು ಆಡಿದ ಮಾತುಗಳಲ್ಲಿ ಕೆಲವು ನಿಜಕ್ಕೂ ಚುರುಕಾಗಿರುತ್ತವೆ. ಅವನ್ನು ದಿನಾಂಕದೊಡನೆ ಬರೆದಿಡಿ. ಬೇಸರದ ದಿನ ಓದಲು ಆಗುತ್ತದೆ, ಕಾಯಿಲೆ ಹೇಗೆ ಸಾಗುತ್ತಿದೆ ಎಂದು ವೈದ್ಯರಿಗೆ ತೋರಿಸಲೂ ಆಗುತ್ತದೆ. ಮಾತೇ ನಿಂತುಹೋಗುವ ಹಂತದಲ್ಲಿ ಹಾಸ್ಯ ಮುಖಕ್ಕೆ, ದನಿಗೆ, ಸ್ಪರ್ಶಕ್ಕೆ ಇಳಿಯುತ್ತದೆ. ಅವರ ಕಣ್ಣಿನ ಮಟ್ಟಕ್ಕೆ ಕುಳಿತು ಹುಬ್ಬೇರಿಸುವುದು, ಹಳೆಯ ಶಿಶುಪ್ರಾಸವನ್ನು ರಾಗವೆಳೆದು ಹೇಳುವುದು ಅಷ್ಟೇ ಸಾಕು. ತಿನ್ನಿಸುವಾಗ ಮಾತ್ರ ನಗಿಸಬೇಡಿ, ಗಂಟಲಲ್ಲಿ ಸಿಕ್ಕೀತು.

ವಾರಗಟ್ಟಲೆ ಯಾವುದಕ್ಕೂ ನಗು ಬರದೆ, ನಿದ್ದೆ ಕೆಟ್ಟು, ಕೈ ಎತ್ತುವಷ್ಟು ಸಿಟ್ಟು ಬರತೊಡಗಿದರೆ ಹಾಸ್ಯದ ಉಪಾಯಗಳನ್ನು ಬದಿಗಿಟ್ಟು ನಿಮಗೇ ಸಹಾಯ ಕೇಳಿ. ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಹಿರಿಯ ನಾಗರಿಕರಿಗಾಗಿ 14567 ಇದೆ. ಸಿಗ್ನಲ್ ಸಿಗದ ಹಳ್ಳಿಯಾದರೆ ಪೇಟೆಗೆ ಸಾಮಾನು ತರಲು ಹೋದ ದಿನ ಈ ಕರೆಯನ್ನೂ ಚೀಟಿಯಲ್ಲಿ ಬರೆದುಕೊಳ್ಳಿ, ಸಕ್ಕರೆ, ಚಹಾಪುಡಿಗಿಂತ ಮೇಲಿನ ಸಾಲಿನಲ್ಲಿ.